ಹಾಡು ಯಾರದು ಅಂತ ಬರೆಯುವ ಮುಂಚೆ

ಪ್ರೀತಿಯ ತಮ್ಮನಿಗೆ,

ನಿನ್ನ ಲೇಖನ ಓದಿದೆ. ಹಳೆಯ ರಾಕ್ ಹಾಡುಗಳನ್ನು ನಿಜವಾಗಿ ಬರೆದವರು ಯಾರು, ಹೆಸರು ಬಂದಿದ್ದು ಯಾರಿಗೆ ಅಂತ ಕೇಳಿದ್ದೀಯ. ಒಳ್ಳೆಯ ಪ್ರಶ್ನೆ. ಕನ್ನಡದಲ್ಲಿ ಇದನ್ನು ಕೂತು ಬರೆದವರು ಕಡಿಮೆ. ಆದರೆ ಮೊದಲ ಪ್ಯಾರಾದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀಯ. ಇವರು ಕದ್ದರು, ಅವರು ತುಳಿದರು, ಇನ್ನೊಬ್ಬರು ದುಡ್ಡು ಹೊಡೆದರು. ತೀರ್ಪು ಮೊದಲೇ ಸಿಕ್ಕಿದ ಮೇಲೆ ಓದುವವರು ಮುಂದಿನ ನಾಲ್ಕು ಪುಟ ಯಾಕೆ ಓದಬೇಕು, ಹೇಳು?

ಇಂಥ ವಿಷಯಕ್ಕೆ ನಾನು ನಂಬಿರುವ ದಾರಿ ಒಂದೇ. ಹಾಡು ಹುಟ್ಟಿದ ಕೋಣೆಯೊಳಗೆ ಓದುಗರನ್ನು ಕರೆದುಕೊಂಡು ಹೋಗು. ಯಾರು ಬರುವ ಮುಂಚೆ ಅಲ್ಲಿ ಏನಿತ್ತು, ಅವರು ಹೋದಮೇಲೆ ಏನು ಉಳಿಯಿತು, ಅಷ್ಟು ತೋರಿಸು. ಉಳಿದದ್ದನ್ನು ಓದುಗರೇ ನೋಡಿಕೊಳ್ಳುತ್ತಾರೆ.

ಗಾಯಕಿ ಕ್ಲೇರ್ ಟೋರಿ ಬಗ್ಗೆ ನೀನು ಬರೆದಿರುವುದು ಒಂದೇ ಸಾಲು. ಅವರಿಗೆ ಕನಿಷ್ಠ ಒಂದು ಪುಟ ಬೇಕು. 1973ರ ಜನವರಿ, ಭಾನುವಾರ ಸಂಜೆ, ಲಂಡನ್ನಿನ ಆಬಿ ರೋಡ್ ಸ್ಟುಡಿಯೋ. ಪಿಂಕ್ ಫ್ಲಾಯ್ಡ್ ಬ್ಯಾಂಡಿನವರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂ ಹತ್ತಿರ ಹತ್ತಿರ ಮುಗಿದಿದೆ. ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಮಾಡಿದ, ಮುಂದೆ 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಆಗಲಿದ್ದ ಒಂದು ಪಿಯಾನೋ ತುಣುಕು ಇದೆ, ಸ್ವರಗಳ ಜೋಡಣೆ ಚೆನ್ನಾಗಿದೆ, ಆದರೆ ಅದರ ಮೇಲೆ ಏನು ಕೂರಿಸಬೇಕು ಅಂತ ಯಾರಿಗೂ ಹೊಳೆದಿಲ್ಲ. ಎಂಜಿನಿಯರ್ ಅಲನ್ ಪಾರ್ಸನ್ಸ್ ಈ ಹುಡುಗಿಯನ್ನು ಕರೆಸೋಣ ಅಂದರು. ಟೋರಿಗೆ ಆಗ ಇಪ್ಪತ್ತೈದು ವರ್ಷ. ಸಾಹಿತ್ಯ ಇಲ್ಲ, ಟ್ಯೂನ್ ಇಲ್ಲ, ಸಾವಿನ ಬಗ್ಗೆ ಯೋಚಿಸಿ ಹಾಡು ಅಂದರಂತೆ. ಅವರು 'ಊ, ಆ, ಬೇಬಿ' ಅಂತ ಶುರು ಮಾಡಿದರು. ಮಾತು ಬೇಡ ಅಂದರು ಬ್ಯಾಂಡಿನವರು. ಆಮೇಲೆ ಟೋರಿ, ನನ್ನ ಗಂಟಲೇ ಒಂದು ವಾದ್ಯ ಅಂದುಕೊಂಡು ಹಾಡಿದರು. ಎರಡು ಟೇಕ್ ಪೂರ್ತಿ ಆಯಿತು. ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸಿದರು, ಇನ್ನು ಹಾಡಿದರೆ ಬರೀ ಹಾಡಿದ್ದನ್ನೇ ಹಾಡಿದಂತೆ ಆಗುತ್ತೆ ಅಂತ. ಮೂವತ್ತು ಪೌಂಡ್ ತಗೊಂಡು ಮನೆಗೆ ಹೋದರು. ಇದನ್ನು ಇವರು ಬಳಸಿಕೊಳ್ಳುವುದಿಲ್ಲ ಅಂತಲೇ ಅವರಿಗೆ ಅನಿಸಿತ್ತು. ಆಲ್ಬಂ ಅಂಗಡಿಗೆ ಬಂದಾಗ ಕವರ್ ತಿರುಗಿಸಿ ನೋಡಿ ತಮ್ಮ ಹೆಸರು ಕಂಡರು.

ಇಲ್ಲಿ ಒಂದು ಸೂಕ್ಷ್ಮ ಇದೆ, ನಿನ್ನ ಲೇಖನದಲ್ಲಿ ಅದು ತಪ್ಪಿಹೋಗಿದೆ. ಟೋರಿ ಹೆಸರು 1973ರಲ್ಲೇ ಕವರ್ ಮೇಲೆ ಇತ್ತು, ಹಾಡಿದವರು ಅಂತ. ಬರೆದವರು ಅಂತ ಇದ್ದದ್ದು ರೈಟ್ ಹೆಸರು ಮಾತ್ರ. ಅವರನ್ನು ಬಚ್ಚಿಟ್ಟಿರಲಿಲ್ಲ. ಅವರ ಕೆಲಸಕ್ಕೆ ಬೇರೆ ಹಣೆಪಟ್ಟಿ ಅಂಟಿಸಿದ್ದರು, ಅಷ್ಟೇ. ಆ ಹಣೆಪಟ್ಟಿಯ ಬೆಲೆ ಎಷ್ಟು ಅಂದರೆ, 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಇದ್ದ ಆ ಆಲ್ಬಂ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಒಂದು. ಟೋರಿ 2004ರಲ್ಲಿ ಕೋರ್ಟಿಗೆ ಹೋದರು. 2005ರಲ್ಲಿ ರಾಜಿ ಆಯಿತು. ಅಲ್ಲಿಂದೀಚೆಗೆ ಬಂದ ಪ್ರತಿಗಳಲ್ಲಿ ಬರೆದವರು ರೈಟ್ ಮತ್ತು ಟೋರಿ.

ನನ್ನ ಅಭಿಪ್ರಾಯ ಕೇಳಿದರೆ, ಆ ಹೆಸರು ಮೊದಲ ದಿನವೇ ಇರಬೇಕಿತ್ತು. ಆ ಹಾಡನ್ನು ಗುನುಗುವವರು ಗುನುಗುವುದು ಏನನ್ನು? ಟೋರಿಯ ಟ್ಯೂನನ್ನು. ಬೇರೆಯವರು ಬರೆದ ಟ್ಯೂನನ್ನು ಅವರು ಹಾಡಿಕೊಡಲಿಲ್ಲ. ಹಾಡ್ತಾ ಹಾಡ್ತಾ ಅದನ್ನು ಕಟ್ಟಿದರು. ಹಾಗಂತ ರೈಟ್ ಹೆಸರು ಅಳಿಸಬೇಕಿಲ್ಲ. ಅವರ ಪಿಯಾನೋ ಇಲ್ಲದೆ ಟೋರಿಗೆ ಕಾಲೂರಲು ನೆಲವೇ ಇರಲಿಲ್ಲ. ಇಬ್ಬರನ್ನೂ ಗೌರವಿಸಿ ಬರೆಯುವುದು ಸಾಧ್ಯ ಕಣೋ.

ನಮ್ಮ ಓದುಗರಿಗೆ ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ಗಾಯನ ಮತ್ತೊಬ್ಬರದು ಅಂತ ಕ್ಯಾಸೆಟ್ ಕವರ್ ಮೇಲೆ ನೋಡಿ ಬೆಳೆದವರು ನಾವು. ರಾಕ್ ಬ್ಯಾಂಡಿನಲ್ಲಿ ಹಾಗಲ್ಲ. ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ನುಡಿಸುತ್ತಾ ನುಡಿಸುತ್ತಾ ಹಾಡು ಆಗುತ್ತೆ. ಆದರೆ ಕಾನೂನಿನ ಲೆಕ್ಕ ಹಳೆಯದು. ಸ್ವರ ಬರೆದ ಕಾಗದ ಮಾರುತ್ತಿದ್ದ ಕಾಲದ್ದು. ಆ ಲೆಕ್ಕದಲ್ಲಿ ಹಾಡು ಅಂದರೆ ಟ್ಯೂನ್ ಮತ್ತು ಮಾತು. ಡ್ರಮ್ ಹೇಗೆ ಬಿತ್ತು, ಬೇಸ್ ಹೇಗೆ ನಡೆಯಿತು, ಗಿಟಾರ್ ಎಲ್ಲಿ ಕೊಂಡಿ ಹಾಕಿತು, ಇದೆಲ್ಲ ಅರೇಂಜ್‌ಮೆಂಟ್. ಹೊರಗಿನಿಂದ ಬಂದು ನುಡಿಸಿದವರಿಗೆ ಅದಕ್ಕೆ ಸಿಗುವುದು ಸಾಮಾನ್ಯವಾಗಿ ಆ ದಿನದ ಕೂಲಿ. ಬರೆದವರಿಗಾದರೆ ರೆಕಾರ್ಡ್ ಮಾರಿದಾಗಲೆಲ್ಲ, ರೇಡಿಯೋದಲ್ಲಿ ಬಂದಾಗಲೆಲ್ಲ ಬರೆದದ್ದಕ್ಕೆ ಅಂತಲೇ ಒಂದು ಪಾಲು.

ದುಡ್ಡು ಹೇಗೆ ಹರಿಯುತ್ತೆ ಅಂತ ತೋರಿಸಲು ಕ್ವೀನ್ ಬ್ಯಾಂಡಿನ ಉದಾಹರಣೆ ಹಾಕು. 1975ರಲ್ಲಿ 'ಬೊಹೀಮಿಯನ್ ರಾಪ್ಸಡಿ' ಸಿಂಗಲ್ ಬಂತು. ಅದರ ಹಿಂಬದಿಯಲ್ಲಿ ಡ್ರಮ್ಮರ್ ರೋಜರ್ ಟೇಲರ್ ಬರೆದ, ಕಾರಿನ ಮೇಲಿನ ಪ್ರೀತಿಯ ಹಾಡು. ಜನ ಕೊಂಡದ್ದು ಮುಂಬದಿಗೆ. ಆದರೆ ಮಾರಾಟವಾದ ಪ್ರತಿ ಡಿಸ್ಕಿಗೂ ಎರಡೂ ಬದಿಯ ಹಾಡಿಗೆ ಸಮ ಪಾಲು. ಮುಂಬದಿಯ ಹಾಡು ಬರೆದ ಫ್ರೆಡ್ಡಿ ಮರ್ಕ್ಯುರಿಗೆ ಬಂದಷ್ಟೇ ಟೇಲರ್‌ಗೂ ಬಂತು. ಬ್ಯಾಂಡಿನೊಳಗೆ ಇದು ವರ್ಷಗಟ್ಟಲೆ ಜಗಳಕ್ಕೆ ಕಾರಣವಾಯಿತು. 1989ರ ಆಲ್ಬಂ ಹೊತ್ತಿಗೆ ನಾಲ್ವರೂ ಎಲ್ಲ ಹಾಡನ್ನೂ ಕ್ವೀನ್ ಹೆಸರಿನಲ್ಲೇ ಹಾಕಲು ಒಪ್ಪಿದರು. ಅಮೆರಿಕದ ಆರ್‌ಇಎಂ ಬ್ಯಾಂಡ್ ಶುರುವಿನಿಂದಲೇ ನಾಲ್ಕು ಜನಕ್ಕೂ ಸಮ ಅಂತ ಮಾಡಿಕೊಂಡಿತ್ತು.

ಈಗ ಮ್ಯಾಥ್ಯೂ ಫಿಶರ್. ಪ್ರೋಕಲ್ ಹೆರಮ್ ಬ್ಯಾಂಡಿನ 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿನಲ್ಲಿ ಹ್ಯಾಮಂಡ್ ಆರ್ಗನ್ ನುಡಿಸಿದವರು. ಗ್ಯಾರಿ ಬ್ರೂಕರ್ ಸಂಗೀತ, ಕೀತ್ ರೀಡ್ ಸಾಹಿತ್ಯ ಅಂತ ಅಚ್ಚಾಯಿತು. ಫಿಶರ್ ಬ್ಯಾಂಡಿಗೆ ಬರುವ ಹೊತ್ತಿಗೆ ಹಾಡಿನ ಮಾತು ಮತ್ತು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಆಗಲೇ ಇದ್ದವು. ಅವರು ತಂದಿದ್ದು ಆ ಆರ್ಗನ್. ಹೆಡ್‌ಫೋನ್ ಹಾಕಿಕೊಂಡು ಮೊದಲ ಅರ್ಧ ನಿಮಿಷ ಕೇಳು. ಇನ್ನೂ ಯಾರೂ ಹಾಡಿಲ್ಲ, ಹಾಡು ಯಾವುದು ಅಂತ ಆಗಲೇ ಗೊತ್ತಾಗಿದೆ, ಅಲ್ವಾ? ಕೆಳಗಡೆ ಬೇಸ್ ಒಂದೊಂದೇ ಮೆಟ್ಟಿಲು ಇಳೀತಾ ಇದೆ, ಹಳೆಯ ಜರ್ಮನ್ ಸಂಗೀತಗಾರ ಬಾಖ್‌ನ ನೆರಳು ಅದು. ಅದರ ಮೇಲೆ ಆರ್ಗನ್ ಒಂದು ಸ್ವರವನ್ನು ಹಿಡಿದು ನಿಲ್ಲಿಸುತ್ತೆ, ಆಮೇಲೆ ಸುತ್ತಿ ಬಳಸಿ ಇಳಿಯುತ್ತೆ. ಫಿಶರ್ ಬರೆದದ್ದು ಆ ಮೇಲಿನ ಗೆರೆ.

ಅವರು ಕೋರ್ಟಿಗೆ ಹೋಗಿದ್ದು 2005ರಲ್ಲಿ, ಮೂವತ್ತೆಂಟು ವರ್ಷದ ನಂತರ. 2006ರಲ್ಲಿ ಲಂಡನ್ನಿನ ಹೈಕೋರ್ಟ್ ಅವರನ್ನು ಸಹ ಲೇಖಕ ಅಂತ ಒಪ್ಪಿ ಸಂಗೀತದ ಹಕ್ಕಿನಲ್ಲಿ ಶೇ. 40 ಪಾಲು ಕೊಟ್ಟಿತು. ಅದೂ ಹಿಂದಿನದಕ್ಕಲ್ಲ, ದಾವೆ ಹೂಡಿದ ಮೇಲಿನದಕ್ಕೆ. 2008ರಲ್ಲಿ ಮೇಲ್ಮನವಿ ಕೋರ್ಟ್, ಹೆಸರು ಇರಲಿ, ಇಷ್ಟು ತಡ ಮಾಡಿದ್ದಕ್ಕೆ ದುಡ್ಡು ಇಲ್ಲ ಅಂದಿತು. 2009ರಲ್ಲಿ, ಆಗ ಅಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಆ ದುಡ್ಡನ್ನೂ ವಾಪಸ್ ಕೊಡಿಸಿದರು. ಬ್ರೂಕರ್ ಕಡೆಯ ಮಾತನ್ನೂ ಬರಿ. ಸ್ಟುಡಿಯೋದಲ್ಲಿ ಬಂದು ನುಡಿಸಿದವರೆಲ್ಲ ಹೀಗೆ ಪಾಲು ಕೇಳಿದರೆ ಗತಿ ಏನು ಅನ್ನುವುದು ಅವರ ಆತಂಕವಾಗಿತ್ತು. ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಗಾಯಕ ಲೂ ರೀಡ್ ಅವರ 'ವಾಕ್ ಆನ್ ದ ವೈಲ್ಡ್ ಸೈಡ್' ತಗೋ. ಹರ್ಬಿ ಫ್ಲವರ್ಸ್ ನುಡಿಸಿದ ಆ ಜಾರುವ ಬೇಸ್ ತೆಗೆದರೆ ಹಾಡಿನ ಚಹರೆಯೇ ಹೋಗುತ್ತೆ. ಎರಡು ಬೇಸ್ ನುಡಿಸಿದ್ದಕ್ಕೆ ಅವರಿಗೆ ಸೆಷನ್ ಫೀ ಜಾಸ್ತಿ ಸಿಕ್ಕಿತು. ಬರೆದವರ ಪಾಲು ಸಿಗಲಿಲ್ಲ, ಅದಕ್ಕಾಗಿ ಅವರು ಕೋರ್ಟಿಗೆ ಹೋಗಲೂ ಇಲ್ಲ. ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಹೊಸ ಟ್ಯೂನ್ ಹುಟ್ಟಿತಾ ಅನ್ನುವಲ್ಲಿ ನಾನು ಎಳೆಯುತ್ತೇನೆ. ನೀನು ಬೇರೆ ಕಡೆ ಎಳೆಯಬಹುದು. ಆದರೆ ಎಲ್ಲಿ ಎಳೆದೆ, ಯಾಕೆ ಅಂತ ಓದುಗರಿಗೆ ಹೇಳಲೇಬೇಕು.

ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಭಾಗ ಪೂರ್ತಿ ಮತ್ತೆ ಬರಿ. ನೀನು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದೀಯ. 'ಹೋಲ್ ಲಾಟಾ ಲವ್' ಹಾಡಿನ ಮಾತುಗಳು ಷಿಕಾಗೋದ ಬ್ಲೂಸ್ ಲೇಖಕ ವಿಲಿ ಡಿಕ್ಸನ್ ಬರೆದು 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ್ದ ಹಾಡಿನಿಂದ ಬಂದವು. ಡಿಕ್ಸನ್ 1985ರಲ್ಲಿ ದಾವೆ ಹೂಡಿದರು, ರಾಜಿಯಾಯಿತು, ಅವರ ಹೆಸರು ಸೇರಿತು. ಅಲ್ಲಿ ನಿನ್ನ ಸಿಟ್ಟು ನ್ಯಾಯವಾದದ್ದು. 'ಸ್ಟೇರ್‌ವೇ ಟು ಹೆವನ್' ಬೇರೆ ಕತೆ. ಸ್ಪಿರಿಟ್ ಬ್ಯಾಂಡಿನ 'ಟಾರಸ್' ಅದಕ್ಕೆ ಮೂಲ ಅಂತ ದಾವೆ ಆಯಿತು. 2016ರಲ್ಲಿ ಜ್ಯೂರಿ ಜೆಪ್ಪೆಲಿನ್ ಪರ ನಿಂತಿತು, 2020ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಗಮನಿಸಬೇಕಾದ್ದು ಏನು ಅಂದರೆ, ಎರಡು ಹಾಡು ಒಂದೇ ಥರ ಇವೆಯಾ ಅಂತ ಹೋಲಿಸಲು ಜ್ಯೂರಿಗೆ 'ಟಾರಸ್' ರೆಕಾರ್ಡ್ ಕೇಳಿಸಲಿಲ್ಲ. ಅಮೆರಿಕದ 1909ರ ಕಾನೂನಿನ ಪ್ರಕಾರ ಕಚೇರಿಗೆ ಸಲ್ಲಿಸಿದ್ದ ಸ್ವರದ ಹಾಳೆ ಮಾತ್ರ ಲೆಕ್ಕಕ್ಕೆ. ಕಾಗದದ ಮೇಲಿಲ್ಲದ್ದು ಹಾಡೇ ಅಲ್ಲ! ನಾನು ಮೇಲೆ ಹೇಳಿದ ಹಳೇ ಲೆಕ್ಕ ಇಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತೆ. ಇದನ್ನು ಬಿಡಬೇಡ.

'ದ ಬ್ಯಾಂಡ್' ಅನ್ನುವ ಹೆಸರಿನ ಗುಂಪಿನ ಬಗ್ಗೆ ಬರೆಯುವಾಗ ತುಂಬ ಹುಷಾರಾಗಿರು. ಡ್ರಮ್ಮರ್ ಲೆವನ್ ಹೆಲ್ಮ್ ಅರ್ಕನ್ಸಾ ರಾಜ್ಯದವರು. ಹಾಡು ಎಲ್ಲರೂ ಸೇರಿ ಕಟ್ಟಿದ್ದು, ಹೆಸರು ಮಾತ್ರ ಗಿಟಾರಿಸ್ಟ್ ರಾಬಿ ರಾಬರ್ಟ್‌ಸನ್‌ಗೆ ಹೋಯಿತು ಅಂತ 1993ರ ತಮ್ಮ ಆತ್ಮಕಥೆಯಲ್ಲಿ ನೋವಿನಿಂದ ಬರೆದರು. ಕೆನಡಾದ ರಾಬಿ ರಾಬರ್ಟ್‌ಸನ್, ಕೂತು ಬರೆದವನು ನಾನು ಅಂತಲೇ ಹೇಳುತ್ತಾ ಬಂದರು. ಅಮೆರಿಕದ ದಕ್ಷಿಣದ ಮಣ್ಣಿನ ವಾಸನೆ ಆ ಹಾಡುಗಳಿಗೆ ಹೆಲ್ಮ್ ಇಲ್ಲದೆ ಬರುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತೆ. ಆದರೆ ಒಬ್ಬರ ಊರು, ಮಾತು, ನೆನಪು ಹಾಡಿಗೆ ಇಳಿದರೆ ಅದು ಬರೆದ ಹಾಗೆ ಆಗುತ್ತಾ? ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಇಬ್ಬರೂ ಈಗಿಲ್ಲ. ಹೆಲ್ಮ್ ಹೀಗೆ ಹೇಳಿದರು, ರಾಬರ್ಟ್‌ಸನ್ ಹಾಗೆ ಹೇಳಿದರು ಅಂತಲೇ ಬರಿ. ಒಬ್ಬರ ಮಾತನ್ನು ನಡೆದದ್ದು ಅಂತ ಬರೆದುಬಿಡಬೇಡ.

ಕೆಟ್ಟ ಕತೆಗಳನ್ನೇ ಪೋಣಿಸಬೇಡ. ಡೇವಿಡ್ ಬೋಯಿ 1975ರಲ್ಲಿ 'ಫೇಮ್' ಮಾಡಿದಾಗ ಅದರ ಬೆನ್ನೆಲುಬು ಗಿಟಾರಿಸ್ಟ್ ಕಾರ್ಲೋಸ್ ಅಲೋಮರ್ ಇನ್ನೊಂದು ಹಳೇ ಹಾಡಿಗೆ ನುಡಿಸುತ್ತಿದ್ದ ರಿಫ್, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ತುಣುಕು. ಸ್ಟುಡಿಯೋಗೆ ಜಾನ್ ಲೆನನ್ ಬಂದಿದ್ದರು. ಹಾಡು ಮೂವರ ಹೆಸರಲ್ಲಿ ಬಂತು. ಆಗ ಅಲೋಮರ್ ಅಷ್ಟು ಪ್ರಸಿದ್ಧರಲ್ಲ, ಬರೀ ಫೀ ಕೊಟ್ಟು ಕಳಿಸಬಹುದಿತ್ತು, ಕಳಿಸಲಿಲ್ಲ. ಅಮೆರಿಕದಲ್ಲಿ ಬೋಯಿಗೆ ಮೊದಲ ನಂಬರ್ ಒನ್ ತಂದುಕೊಟ್ಟದ್ದು ಆ ಹಾಡೇ.

ನಿನ್ನ ಲೇಖನದಲ್ಲಿ ಇಲ್ಲದ, ಆದರೆ ನಮ್ಮವರು ಬರೆಯುವಾಗ ಇರಲೇಬೇಕಾದ ಒಂದು ಭಾಗ ಇದೆ. ಬೀಟಲ್ಸ್ 1966ರ ಆಲ್ಬಂ ಕವರ್ ಮೇಲೆ ತಬಲಾ ಅನಿಲ್ ಭಾಗವತ್ ಅಂತ ಅಚ್ಚು ಹಾಕಿದ್ದರು. ಮರುವರ್ಷ 'ವಿದಿನ್ ಯೂ ವಿದೌಟ್ ಯೂ' ಹಾಡಿಗೆ ಲಂಡನ್ನಿನಲ್ಲಿದ್ದ ಭಾರತೀಯರು ನುಡಿಸಿದರು. ದಿಲ್‌ರುಬಾ (ಕಮಾನಿನಿಂದ ನುಡಿಸುವ ತಂತಿವಾದ್ಯ) ಅನ್ನಾ ಜೋಶಿ ಮತ್ತು ಅಮೃತ್ ಗಜ್ಜರ್, ತಂಬೂರಿ ಬುದ್ಧದೇವ್ ಕನ್ಸಾರಾ, ತಬಲಾ ನಟವರ್ ಸೋನಿ. ಕವರ್ ಮೇಲೆ ಇವರ ಹೆಸರಿಲ್ಲ. ಹಾಡು ಬರೆದವರು ಜಾರ್ಜ್ ಹ್ಯಾರಿಸನ್, ಅದರಲ್ಲಿ ತಕರಾರಿಲ್ಲ. ಆದರೆ ಹ್ಯಾರಿಸನ್ ಹಾಡಿನ ಟ್ಯೂನನ್ನು ದಿಲ್‌ರುಬಾದಲ್ಲಿ ಅವರ ದನಿಗೆ ಅಂಟಿಕೊಂಡು ಹಿಂಬಾಲಿಸಿದವರು ಯಾರು ಅಂತ ಜಗತ್ತಿಗೆ ಗೊತ್ತಾಗಲು ದಶಕಗಳೇ ಬೇಕಾದವು. ಇಲ್ಲಿ ಕೇಳುತ್ತಿರುವುದು ರಾಯಲ್ಟಿ ಅಲ್ಲ, ಬರೀ ಹೆಸರು. ಈ ನಾಲ್ಕೂ ಹೆಸರನ್ನು ಪೂರ್ತಿ ಬರಿ. 'ಕೆಲವು ಭಾರತೀಯ ವಾದ್ಯಗಾರರು' ಅಂತ ದಾಟಿಸಿದರೆ ಆ ಕವರ್ ಮಾಡಿದವರಿಗೂ ನಿನಗೂ ವ್ಯತ್ಯಾಸ ಉಳಿಯಲ್ಲ.

ಕೊನೆಗೆ 'ಲೈಲಾ' ಇಡು ಅಂತ ನನ್ನ ಸಲಹೆ. ಅದರಲ್ಲಿ ಎಲ್ಲ ಥರದ ತೊಡಕೂ ಇದೆ. 1970ರ ಹಾಡು, ಬರೆದವರು ಎರಿಕ್ ಕ್ಲ್ಯಾಪ್ಟನ್ ಮತ್ತು ಡ್ರಮ್ಮರ್ ಜಿಮ್ ಗಾರ್ಡನ್. ಕೊನೆಯ ಪಿಯಾನೋ ಭಾಗ ಗಾರ್ಡನ್ ಅವರದು ಅಂತ ಲೆಕ್ಕ. ಆದರೆ ಗಾಯಕಿ ರೀಟಾ ಕೂಲಿಜ್ ಹೇಳುವುದೇ ಬೇರೆ. ಆಗ ಗಾರ್ಡನ್ ಜೊತೆಗಿದ್ದ ಅವರು, ಆ ಪಿಯಾನೋ ಭಾಗ ನಾವಿಬ್ಬರೂ ಸೇರಿ ಮಾಡಿದ 'ಟೈಮ್' ಅನ್ನುವ ಹಾಡಿನಿಂದ ಬಂದದ್ದು ಅನ್ನುತ್ತಾರೆ. 'ಲೈಲಾ' ನುಡಿಸಿದ ಬ್ಯಾಂಡಿನಲ್ಲೇ ಇದ್ದ ಬಾಬಿ ವಿಟ್‌ಲಾಕ್ ಕೂಡ ಕೂಲಿಜ್ ಪರ ಮಾತಾಡಿದ್ದಾರೆ. ಕೂಲಿಜ್ ಅವರ ಅಕ್ಕ ಪ್ರಿಸಿಲ್ಲಾ ಮತ್ತು ಬುಕರ್ ಟಿ. ಜೋನ್ಸ್ 1973ರಲ್ಲಿ 'ಟೈಮ್' ರೆಕಾರ್ಡ್ ಮಾಡಿದ್ದಾರೆ. 'ಲೈಲಾ'ದ ಕೊನೆಯ ಭಾಗ ಮತ್ತು ಇದನ್ನು ಒಂದಾದ ಮೇಲೆ ಒಂದು ಹಾಕಿಕೊಂಡು ಕೇಳು. ಕೂಲಿಜ್ ಹೆಸರು ಇವತ್ತಿಗೂ 'ಲೈಲಾ' ಮೇಲೆ ಇಲ್ಲ. ಇತ್ತ 1993ರಲ್ಲಿ ಅದರ ಅಕೂಸ್ಟಿಕ್ ರೂಪಕ್ಕೆ ಅತ್ಯುತ್ತಮ ರಾಕ್ ಹಾಡಿನ ಗ್ರ್ಯಾಮಿ ಬಂದಾಗ ಅದರಲ್ಲಿ ಗಾರ್ಡನ್‌ಗೂ ಪಾಲು ಸಿಕ್ಕಿತು. ಆ ರೂಪದಲ್ಲಿ ಪಿಯಾನೋ ಭಾಗವೇ ಇರಲಿಲ್ಲ.

ಎರಡನ್ನೂ ಕೇಳಿದ ಮೇಲೆ ನಿನ್ನ ಕಿವಿಗೆ ಏನು ಅನಿಸಿತೋ ಅದನ್ನೇ ಬರಿ. ತಿದ್ದಿದ ಪ್ರತಿ ಕಳಿಸು, ಓದೋಕೆ ಕಾಯ್ತಾ ಇರ್ತೀನಿ.

ಪ್ರೀತಿಯಿಂದ,
ಅಕ್ಕ