ಮೊದಲ ಏಟು ಯಾವ ರಾಜ್ಯದಲ್ಲಿ ಬಿತ್ತು? ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಅರ್ಜಿ ಬರೆದು ಆವಕ ವಿಭಾಗದಲ್ಲಿ ಮುದ್ರೆ ಹಾಕಿಸಿಕೊಳ್ಳುವುದನ್ನು ಬಿಟ್ಟು ಹೀಗೆ ಎಲ್ಲರೆದುರು ಬರೆಯುತ್ತಿರುವುದಕ್ಕೆ ಬೇಸರಿಸಬೇಡಿ. ಮುದ್ರೆ ಬಿದ್ದ ಪ್ರತಿಗಳು ನನ್ನ ಟ್ರಂಕಿನಲ್ಲಿ ಸಾಕಷ್ಟಿವೆ. ಕೆಲವು ಈ ರಾಜ್ಯದವು, ಕೆಲವು ಆ ರಾಜ್ಯದವು. ನನ್ನ ಬೇಡಿಕೆ ಒಂದೇ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ: ಮಹಾರಾಷ್ಟ್ರದ ಸಾಂಗಲಿ ಮತ್ತು ಕೊಲ್ಹಾಪುರದ ಜಿಲ್ಲಾಧಿಕಾರಿಗಳನ್ನು, ಮೂರೂ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳನ್ನು ಮತ್ತು ಕೌಟುಂಬಿಕ ದೌರ್ಜನ್ಯದ ದೂರು ನೋಡಿಕೊಳ್ಳುವ ಸಂರಕ್ಷಣಾಧಿಕಾರಿಗಳನ್ನು ಒಂದೆಡೆ ಕೂರಿಸಿ, ಗಡಿಯ ಆಚೆ ಈಚೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿಯೇ ಒಂದು ಜಂಟಿ ಸಭೆ ಕರೆಯಿರಿ. ದಿನಾಂಕ ತಿಳಿಸಿ.

ನಾನು ಕಾಗವಾಡ ತಾಲ್ಲೂಕಿನವಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಭಾಗದಲ್ಲಿ ಬೀಗತನ ಗಡಿ ನೋಡಿ ಆಗುವುದಿಲ್ಲ. ಬೆಳಗಾವಿ ನಮಗೆ ನೂರು ಕಿಲೋಮೀಟರಿಗೂ ಆಚೆ. ಗಡಿಯಾಚೆಯ ಮಿರಜ ಕೂಗಳತೆಯಲ್ಲಿದೆ. ಜ್ವರ ಬಂದರೂ ಮಿರಜ, ಹೆರಿಗೆಗೂ ಮಿರಜ, ಮದುವೆಯ ಜವಳಿಗೂ ಮಿರಜ. ಇಲ್ಲಿಯ ಕಬ್ಬು ಆ ಕಡೆಯ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿಯ ಕಬ್ಬು ಇಲ್ಲಿಗೆ ಬರುತ್ತದೆ. ಹೆಣ್ಣು ಕೊಡುವುದು ತರುವುದೂ ಹಾಗೆಯೇ. ಅಥಣಿಯವರು ಜತ್ತಕ್ಕೆ, ನಿಪ್ಪಾಣಿಯವರು ಕಾಗಲಕ್ಕೆ, ಚಡಚಣದವರು ಸೊಲ್ಲಾಪುರಕ್ಕೆ ಹೆಣ್ಣು ಕೊಡುತ್ತಾರೆ. ನಾನೂ ಗಡಿಯಾಚೆಯ ಒಂದು ಹಳ್ಳಿಗೆ ಮಗಳನ್ನು ಕೊಟ್ಟೆ. ಅವಳ ಹೆಸರು, ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಕಾದವರಿಗೆ ಟ್ರಂಕು ತೆರೆದು ತೋರಿಸುತ್ತೇನೆ.

ಕಳೆದ ವರ್ಷ ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಬಿಟ್ಟುಬರಲು ಅಳಿಯ ಬೈಕಿನಲ್ಲಿ ಕರೆದುಕೊಂಡು ಹೊರಟ. ದಾರಿಯುದ್ದಕ್ಕೂ ಟ್ರ್ಯಾಕ್ಟರ್ ಸಾಲದ ಕಂತಿನ ಮಾತು. ಆ ಕಂತನ್ನು ನನ್ನ ಪಿಂಚಣಿಯಿಂದ ಕಟ್ಟಬೇಕೆಂಬುದು ಅವನ ಹಟ. ಇನ್ನೇನು ಗಡಿ ದಾಟಬೇಕು ಎನ್ನುವಾಗ ಗಾಡಿ ನಿಲ್ಲಿಸಿ ಹೊಡೆಯತೊಡಗಿದ. ಅವಳು ಬಿಡಿಸಿಕೊಂಡು ನಮ್ಮೂರಿನ ಕಡೆಗೆ ಓಡಿದಳು. ಬೆನ್ನಟ್ಟಿ ಬಂದು ಹೆಲ್ಮೆಟ್ಟಿನಿಂದ ಹೊಡೆದ. ಕಬ್ಬಿನಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕುರ್ಪಿ ಹಿಡಿದು ಓಡಿ ಬಂದದ್ದರಿಂದ ನನ್ನ ಮಗಳು ಉಳಿದಳು. ಎಡಗೈ ಮೂಳೆ ಮುರಿದಿತ್ತು, ಹುಬ್ಬಿನ ಮೇಲೆ ಹೊಲಿಗೆ ಹಾಕಬೇಕಾಯಿತು.

ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ಅವಳು ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ ಸಾಹೇಬರು ಕೇಳಿದ ಮೊದಲ ಪ್ರಶ್ನೆ ಇದು: "ಮೊದಲ ಏಟು ಬಿದ್ದದ್ದು ಸ್ವಾಗತ ಫಲಕದ ಆ ಕಡೆಯೋ, ಈ ಕಡೆಯೋ?" ಅವಳಿಗೆ ಉತ್ತರ ಗೊತ್ತಿರಲಿಲ್ಲ. ಹೊಡೆಸಿಕೊಳ್ಳುವಾಗ ಯಾರೂ ಫಲಕ ನೋಡುವುದಿಲ್ಲ. ಸಂಜೆ ಒಬ್ಬ ಕಾನ್‌ಸ್ಟೆಬಲ್ ಅನ್ನು ಸ್ಥಳಕ್ಕೆ ಕಳಿಸಿದರು, ನಾನೂ ಹೋದೆ. ಆತ ಫಲಕದ ಕಂಬದಿಂದ ಜಾಲಿ ಗಿಡದವರೆಗೆ ಹೆಜ್ಜೆ ಎಣಿಸಿದ. ಮಗಳ ಚಪ್ಪಲಿ ಕಂಬದ ಈಚೆ ಬಿದ್ದಿತ್ತು, ಒಡೆದ ಬಳೆಯ ಚೂರುಗಳು ಆಚೆ ಇದ್ದವು. ಫೋನು ಹಚ್ಚಿ ವರದಿ ಒಪ್ಪಿಸಿದ: "ಸರ್, ಬಳೆ ಮಹಾರಾಷ್ಟ್ರಕ್ಕೆ ಬರುತ್ತದೆ, ಚಪ್ಪಲಿ ನಮ್ಮದು." ನಾನು ಪಕ್ಕದಲ್ಲೇ ನಿಂತಿದ್ದೆ. ಆತ ತಮಾಷೆ ಮಾಡುತ್ತಿರಲಿಲ್ಲ, ಕರ್ತವ್ಯ ನಿರ್ವಹಿಸುತ್ತಿದ್ದ.

ಬಳೆಯ ಮಾತು ಮೇಲಾಯಿತು. "ಅಕ್ಕೋರೇ, ಇದು ನಮ್ಮ ಹದ್ದಿಗೆ ಬರುವುದಿಲ್ಲ, ಅಲ್ಲಿ ಕೊಡಿ" ಎಂದರು. ಅಲ್ಲಿ ಹೋದರೆ, "ಹೆಲ್ಮೆಟ್ಟಿನ ಏಟು ಬಿದ್ದದ್ದು ಕರ್ನಾಟಕದಲ್ಲಿ, ಹುಡುಗಿ ಈಗ ಇರುವುದೂ ಕರ್ನಾಟಕದಲ್ಲಿ" ಎಂದು ಮರಾಠಿಯಲ್ಲಿ ಅದೇ ಪಾಠ ಒಪ್ಪಿಸಿದರು. ಗಡಿ ವಿವಾದದಲ್ಲಿ ಒಂದಿಂಚು ನೆಲ ಬಿಟ್ಟುಕೊಡದವರು ನನ್ನ ಮಗಳ ಏಟುಗಳನ್ನು ಮಾತ್ರ ಎಷ್ಟು ಧಾರಾಳವಾಗಿ ಒಬ್ಬರಿಗೊಬ್ಬರು ಬಿಟ್ಟುಕೊಟ್ಟರು ನೋಡಿ!

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನಿಮಗೆ ಬಾಯಿಪಾಠವಿರುತ್ತದೆ. ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿ ಬಂದ ಠಾಣೆ ಅದನ್ನು ದಾಖಲಿಸಿಕೊಳ್ಳಬೇಕು. ಗಂಡನ ಮನೆಯ ಹಿಂಸೆಯಿಂದ ಓಡಿಬಂದ ಹೆಣ್ಣು ತಾನು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಅಪರಾಧದ ಒಂದು ಭಾಗ ಒಂದು ಹದ್ದಿಯಲ್ಲಿ, ಇನ್ನೊಂದು ಭಾಗ ಪಕ್ಕದ ಹದ್ದಿಯಲ್ಲಿ ನಡೆದರೆ ಎರಡರಲ್ಲಿ ಯಾವ ನ್ಯಾಯಾಲಯವಾದರೂ ವಿಚಾರಿಸಬಹುದು ಎಂಬ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 178ನೇ ಕಲಮಿನಲ್ಲೇ ಇತ್ತು. ಇಷ್ಟೆಲ್ಲ ಇದ್ದೂ ಒಬ್ಬ ವಕೀಲರು ತೀರ್ಪಿನ ಪ್ರತಿ ಹಿಡಿದು ಬಂದು ಮೇಜಿನ ಮೇಲೆ ಇಡುವವರೆಗೆ ಎಫ್‌ಐಆರ್ ಆಗಲಿಲ್ಲ. ವಕೀಲರನ್ನು ಕರೆತರಲಾಗದ ತಾಯಂದಿರು ಏನು ಮಾಡಬೇಕು?

ಎಫ್‌ಐಆರ್ ಆದ ಮೇಲಾದರೂ ದಾರಿ ಸುಗಮವಾಯಿತೇ ಎಂದು ನೀವು ಕೇಳಬಹುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಡೆಯ ನ್ಯಾಯಾಲಯ ರಕ್ಷಣಾ ಆದೇಶ ಕೊಟ್ಟಿತು: ಅವನು ಅವಳ ಹತ್ತಿರ ಸುಳಿಯಬಾರದು, ತಿಂಗಳು ತಿಂಗಳು ಜೀವನಾಂಶ ಕೊಡಬೇಕು. 2005ರ ಆ ಕಾಯ್ದೆಯ 27ನೇ ಕಲಂ ಪ್ರಕಾರ ಇಂಥ ಆದೇಶ ಇಡೀ ದೇಶದಲ್ಲಿ ಜಾರಿಯಾಗುತ್ತದೆ. ಇಡೀ ದೇಶದಲ್ಲಿ, ನಮ್ಮೂರಿನಿಂದ ಹತ್ತು ಕಿಲೋಮೀಟರಿನಾಚೆ ಒಂದನ್ನು ಬಿಟ್ಟು. ಆದೇಶದ ಪ್ರತಿ ಹಿಡಿದು ಆ ಕಡೆಯ ಠಾಣೆಗೆ ಹೋದರೆ, "ಇದು ಕಾನಡಿಯಲ್ಲಿದೆ, ಮರಾಠಿಯಲ್ಲಿ ತನ್ನಿ" ಎಂದರು. ಈ ಕಡೆ ಕೇಳಿದರೆ ಅನುವಾದ ಮಾಡಿಸುವುದು ತಮ್ಮ ಕೆಲಸವಲ್ಲ ಎಂದರು. ಗಡಿಯವಳು ನಾನು, ಎರಡೂ ಭಾಷೆ ಓದಿ ಬರೆಯಬಲ್ಲೆ. ರಾತ್ರಿ ಕೂತು ಇಡೀ ಆದೇಶವನ್ನು ಗೆರೆ ಹಾಳೆಯ ಮೇಲೆ ಮರಾಠಿಗೆ ಇಳಿಸಿದೆ. ಅದನ್ನು ನೋಡಿ ಅಲ್ಲಿಯವರು, "ಅಕ್ಷರ ಛಂದ ಇದೆ ಬಾಯಿ, ಆದರೆ ಮುದ್ರೆ ಇಲ್ಲವಲ್ಲ" ಎಂದರು. ಆ ಆದೇಶದಿಂದ ಇವತ್ತಿಗೆ ನಮಗಿರುವ ಉಪಯೋಗ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರಿನಷ್ಟೇ.

ಅಳಿಯ ಇದನ್ನೆಲ್ಲ ನಮಗಿಂತ ಬೇಗ ಅರ್ಥಮಾಡಿಕೊಂಡ. ಸಂಜೆ ಹೊತ್ತಿಗೆ ಬರುತ್ತಾನೆ, ಮನೆಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಾನೆ, ಓಣಿ ಕೇಳುವಂತೆ ಬೈಯುತ್ತಾನೆ, ಹೊರಟುಹೋಗುತ್ತಾನೆ. ರಕ್ಷಣಾ ಆದೇಶ ಮುರಿಯುವುದು ಒಂದು ವರ್ಷದವರೆಗೆ ಶಿಕ್ಷೆ ಇರುವ, ಜಾಮೀನಿಲ್ಲದ ಅಪರಾಧ ಎಂದು ಕಾಯ್ದೆ ಹೇಳುತ್ತದೆ. ಪೊಲೀಸರು ಬರುವ ಹೊತ್ತಿಗೆ ಅವನು ಪರರಾಜ್ಯದವನಾಗಿರುತ್ತಾನೆ. 112ಕ್ಕೆ ಕರೆ ಮಾಡಿದರೆ ಮೊಬೈಲ್ ಯಾವ ಟವರ್ ಹಿಡಿಯುತ್ತದೆಯೋ ಆ ರಾಜ್ಯದವರು ಎತ್ತುತ್ತಾರೆ. ಒಮ್ಮೆ ಮರಾಠಿಯಲ್ಲಿ ಎತ್ತಿದ ಹುಡುಗಿ ಪಾಪ ಬಹಳ ಮರ್ಯಾದೆಯಿಂದಲೇ ಮಾತನಾಡಿದಳು. ನಮ್ಮ ಊರಿನ ಹೆಸರು ಅವಳ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಎರಡು ರಾಜ್ಯಗಳ ಅಧಿಕಾರಿಗಳು ಮಾತನಾಡಿಕೊಳ್ಳುವುದೇ ಇಲ್ಲ ಎಂದಾಗಿದ್ದರೆ ನಾನು ಹಣೆಬರಹ ಎಂದು ಸುಮ್ಮನಿರುತ್ತಿದ್ದೆ. ಮಳೆಗಾಲ ಬರಲಿ, ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಎಷ್ಟು ಕ್ಯೂಸೆಕ್ ಬಿಟ್ಟರು, ಕೊಯ್ನಾದಿಂದ ಎಷ್ಟು, ಆಲಮಟ್ಟಿಯಿಂದ ಎಷ್ಟು ಹೊರಹರಿವು ಎಂಬುದು ದಿನದಿನವೂ ಗಡಿ ದಾಟಿ ಬರುತ್ತದೆ, ಮರುದಿನ ಪತ್ರಿಕೆಯಲ್ಲಿ ಓದುತ್ತೇವೆ. ಚುನಾವಣೆ ಬರಲಿ, ಎರಡೂ ಕಡೆಯ ಅಧಿಕಾರಿಗಳು ಸಭೆ ಸೇರಿ ಹಣ ಹೆಂಡ ಹಿಡಿಯುತ್ತಾರೆ. ಕೊರೊನಾ ಕಾಲದಲ್ಲಿ ಕೊಗನೊಳಿ ಚೆಕ್‌ಪೋಸ್ಟಿನಲ್ಲಿ ಪರೀಕ್ಷಾ ವರದಿ ಇಲ್ಲದ ಒಂದು ನರಪಿಳ್ಳೆಯೂ ಒಳಗೆ ಬರದಂತೆ ನೋಡಿಕೊಂಡಿರಿ. 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ರಾಜ್ಯಪಾಲರು ಗಡಿ ಜಿಲ್ಲೆಗಳ ಅಧಿಕಾರಿಗಳೊಂದಿಗೆ ಕೊಲ್ಹಾಪುರದಲ್ಲೇ ಕೂತಿದ್ದರು. ಮರುತಿಂಗಳು ಕೇಂದ್ರ ಗೃಹ ಸಚಿವರು ಇಬ್ಬರು ಮುಖ್ಯಮಂತ್ರಿಗಳನ್ನು ದೆಹಲಿಗೆ ಕರೆಸಿ, ಪ್ರತಿ ರಾಜ್ಯದಿಂದ ಮೂವರಂತೆ ಆರು ಸಚಿವರ ಸಮಿತಿಯ ತೀರ್ಮಾನ ಮಾಡಿದರು. ಬಸ್ಸಿಗೆ ಮಸಿ ಬಿದ್ದರೆ ಸಂಜೆಯೊಳಗೆ ಎರಡೂ ಕಡೆ ಸಂಚಾರ ನಿಲ್ಲುತ್ತದೆ. ನೀರಿಗೆ, ಹೆಂಡಕ್ಕೆ, ಬಸ್ಸಿಗೆ ಇರುವ ಸಮನ್ವಯ ಹೆಣ್ಣಿಗೆ ಏಕಿಲ್ಲ?

ಇನ್ನೊಂದು ವಿಚಿತ್ರ ಕೇಳಿ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಡಿ ನೆರೆ ರಾಜ್ಯಗಳು ಕೂತು ಮಾತನಾಡಲೆಂದೇ ವಲಯ ಪರಿಷತ್ತುಗಳಾದವು. ಮಹಿಳೆಯರು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತ್ವರಿತ ತನಿಖೆಯ ವಿಷಯ ಅವುಗಳ ಸಭೆಗಳಲ್ಲಿ ಚರ್ಚೆಗೆ ಬರುತ್ತದೆ. ಆದರೆ ಕರ್ನಾಟಕ ಇರುವುದು ದಕ್ಷಿಣ ವಲಯದಲ್ಲಿ, ಮಹಾರಾಷ್ಟ್ರ ಇರುವುದು ಪಶ್ಚಿಮ ವಲಯದಲ್ಲಿ. ಹೀಗಾಗಿ ನಮ್ಮ ಸರ್ಕಾರ ಪುದುಚೇರಿಯವರ ಜೊತೆ ಕೂರುತ್ತದೆ, ಮಿರಜದವರ ಜೊತೆ ಕೂರುವುದಿಲ್ಲ. ಮೇಲಿನವರು ಕೂರುವ ವ್ಯವಸ್ಥೆಯೇ ಹೀಗಿರುವಾಗ ಜಿಲ್ಲಾಧಿಕಾರಿಗಳ ಮಟ್ಟದ ಸಭೆಯೊಂದೇ ನಮಗೆ ಗತಿ. ಅದಕ್ಕೇ ಕೇಳುತ್ತಿದ್ದೇನೆ: ಜಂಟಿ ಸಭೆ ಕರೆಯಿರಿ.

ಶಿಕ್ಷಕಿಯಾಗಿ ಕಂಡ ಒಂದು ಮಾತನ್ನೂ ಸೇರಿಸಬೇಕು. ದೀಪಾವಳಿ ರಜೆ ಮುಗಿಸಿ ಬರಬೇಕಾದ ಹುಡುಗಿ ಬರುವುದಿಲ್ಲ. ಕೇಳಿದರೆ ಸೋದರಮಾವನ ಊರಿಗೆ ಹೋಗಿದ್ದಾಳೆ ಎನ್ನುತ್ತಾರೆ. ಆ ಊರು ಯಾವಾಗಲೂ ಗಡಿಯಾಚೆಯೇ ಇರುತ್ತದೆ. ಕರ್ನಾಟಕ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಮದುವೆಯನ್ನು ಮೂಲದಿಂದಲೇ ಅಸಿಂಧು ಮಾಡಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೆ ಮಾಡಿದರೆ ಒಳ್ಳೆಯದು ಎಂದಿತು. ಕೇಂದ್ರದ ಮೂಲ ಕಾಯ್ದೆಯಲ್ಲಾದರೆ ಆ ಹುಡುಗಿಯೇ ನ್ಯಾಯಾಲಯಕ್ಕೆ ಹೋಗಿ ಮದುವೆ ರದ್ದುಪಡಿಸಿಕೊಳ್ಳಬೇಕು. ಎರಡರ ನಡುವಿನ ಈ ಅಂತರ ಊರ ಹಿರಿಯರಿಗೆ ವಕೀಲರಿಗಿಂತ ಚೆನ್ನಾಗಿ ಗೊತ್ತು. ಹುಡುಗಿ ಇಲ್ಲಿಯವಳು, ಅಕ್ಷತೆ ಬಿದ್ದದ್ದು ಅಲ್ಲಿ. ಯಾರ ಹದ್ದಿ?

2023ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಹೊಸ ವಂಟಮೂರಿಯಲ್ಲಿ, ಮಗ ಹುಡುಗಿಯೊಂದಿಗೆ ಓಡಿಹೋದನೆಂದು ಒಬ್ಬ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದಾಗ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿತ್ತು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಸುದ್ದಿ ದೇಶವೆಲ್ಲ ಹರಡಿತು. ಹಾಗಾಗಬೇಕಾದದ್ದೇ. ಆದರೆ ನನ್ನ ಮಗಳಂಥವರಿಗೆ ಅಧಿವೇಶನದ ಮುಹೂರ್ತ ನೋಡಿ ಏಟು ಬೀಳುವುದಿಲ್ಲ.

ನೀವು ಹೇಳಬಹುದಾದ ಉತ್ತರಗಳು ನನಗೆ ಗೊತ್ತಿವೆ. ಪೊಲೀಸರು ಗೃಹ ಇಲಾಖೆಗೆ ಸೇರಿದವರು, ನ್ಯಾಯಾಲಯದ ವಿಷಯದಲ್ಲಿ ಕೈ ಹಾಕುವಂತಿಲ್ಲ, ಪ್ರಸ್ತಾವನೆ ಸರ್ಕಾರದ ಮಟ್ಟದಲ್ಲಿದೆ. ಆದರೆ ನೀವು ಜಿಲ್ಲಾ ದಂಡಾಧಿಕಾರಿಗಳೂ ಹೌದು. ಪ್ರವಾಹದ ಸಭೆಗೆ ಕರೆದಾಗ ಪೊಲೀಸರು ಬರುತ್ತಾರಲ್ಲ, ಇದಕ್ಕೂ ಬರುತ್ತಾರೆ. ಸಂರಕ್ಷಣಾಧಿಕಾರಿಯ ಮಾತಂತೂ ಕೇಳಲೇಬೇಡಿ: ಅಂಗನವಾಡಿಗಳ ಮೊಟ್ಟೆ ಲೆಕ್ಕ, ಪೋಷಣ್ ಮಾಸಾಚರಣೆಗಳ ನಡುವೆ ಆ ಕೆಲಸವನ್ನೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಹೆಗಲಿಗೆ ಹಾಕಿದರೆ ಅವರಾದರೂ ಎಷ್ಟೆಂದು ಮಾಡುತ್ತಾರೆ? ತಾಲ್ಲೂಕು ಮಟ್ಟದವರೆಗೂ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಗಡುವು ಕೊಟ್ಟು ಹೇಳಿದೆ. ಅದು ನಿಮ್ಮ ಕಡತದಲ್ಲಿ ಇದ್ದೇ ಇರುತ್ತದೆ.

ಸಭೆಯಲ್ಲಿ ದೊಡ್ಡ ಭಾಷಣ ಬೇಕಿಲ್ಲ. ಗಡಿಯ ಪ್ರತಿ ಠಾಣೆಗೂ ಆಚೆ ಠಾಣೆಯಲ್ಲಿ ಹೆಸರು, ಮೊಬೈಲ್ ಸಂಖ್ಯೆ ಇರುವ ಒಬ್ಬ ಜವಾಬ್ದಾರ ಅಧಿಕಾರಿ ಇರಲಿ. ಹದ್ದಿ ಕೇಳದೆ ದೂರು ಬರೆದುಕೊಂಡು ಆಮೇಲೆ ಕಳಿಸಲಿ. ನ್ಯಾಯಾಲಯದ ಆದೇಶಕ್ಕೆ ಮರಾಠಿ, ಕನ್ನಡ ಎರಡೂ ಪ್ರತಿಗಳನ್ನು ಮುದ್ರೆಸಮೇತ ಸರ್ಕಾರವೇ ಮಾಡಿಸಲಿ. ಕಾನೂನು ಸೇವೆಗಳ ಪ್ರಾಧಿಕಾರದವರನ್ನೂ ಕರೆಯಿರಿ. ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಹತ್ತಿರದ ಸಖಿ ಕೇಂದ್ರ ಯಾವ ರಾಜ್ಯದ್ದಾದರೂ ರಾತ್ರಿ ಹೊತ್ತು ಬಂದ ಹೆಣ್ಣಿಗೆ ಬಾಗಿಲು ತೆರೆಯಲಿ. ಮೂರು ತಿಂಗಳಿಗೊಮ್ಮೆ ಕೂತು, ಕಳಿಸಿದ ದೂರುಗಳು ಏನಾದವೆಂದು ಕಡತ ತೆರೆದು ನೋಡಿ. ವಿಜಯಪುರದವರು ಸೊಲ್ಲಾಪುರದವರೊಂದಿಗೆ ಇದನ್ನೇ ಮಾಡಲಿ.

ಮಳೆಗಾಲದ ಸಭೆಗಳು ಹೇಗೂ ನಡೆಯುತ್ತವೆ. ಅದೇ ಸಭಾಂಗಣ, ಅದೇ ಚಹಾ, ಅದೇ ಅಧಿಕಾರಿಗಳು ಸಾಕು. ಕ್ಯೂಸೆಕ್ ಲೆಕ್ಕ ಮುಗಿದ ಮೇಲೆ ಎರಡು ಗಂಟೆ ಹೆಚ್ಚು ಕೂರಿ. ಜಂಟಿ ಸಭೆ ಕರೆಯಿರಿ, ದಿನಾಂಕ ತಿಳಿಸಿ. ನನ್ನಂಥ ಎರಡೂ ಭಾಷೆಯ ತಾಯಂದಿರನ್ನು ಬಾಗಿಲ ಬಳಿಯಾದರೂ ಕೂರಿಸಿ, ಅನುವಾದಕ್ಕೆ ಸಂಬಳ ಕೇಳುವುದಿಲ್ಲ.

ಇಂತಿ,
ನಿವೃತ್ತ ಶಿಕ್ಷಕಿ, ಕಾಗವಾಡ ತಾಲ್ಲೂಕು

ವಿ.ಸೂ.: ಈ ಪತ್ರದ ಮರಾಠಿ ಪ್ರತಿಯನ್ನು ಸಾಂಗಲಿ ಮತ್ತು ಕೊಲ್ಹಾಪುರದ ಜಿಲ್ಲಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ತಮಗೆ ವಿಷಯ ಗೊತ್ತೇ ಇರಲಿಲ್ಲ ಎಂದು ಮೂವರಲ್ಲಿ ಯಾರೂ ಹೇಳುವಂತಿಲ್ಲ.