ಜೀವಂತ ಗೂಡಿಗೂ ಆರೈಕೆ ಬೇಕು

ಮಾನ್ಯ ಸಂಪಾದಕರೇ,

ಬಾಲ್ ಪೈಥಾನ್ ಎಂಬ ಹೆಬ್ಬಾವು, ಹಸಿರು ಇಗ್ವಾನಾ ಎಂಬ ದೊಡ್ಡ ಹಲ್ಲಿಯಂಥ ವಿದೇಶಿ ಸರೀಸೃಪಗಳನ್ನು ಸಾಕುವವರಿಗೆ ‘ತಾನೇ ಶುಚಿಯಾಗುವ’ ಗಾಜಿನ ಗೂಡುಗಳನ್ನು ಮಾರಲಾಗುತ್ತಿದೆ. ಅದರ ತತ್ವ ಸರಿಯಾದದ್ದೇ: ತಳದಲ್ಲಿ ನೀರು ಬಸಿಯಲು ಜಲ್ಲಿ, ಅದರ ಮೇಲೆ ಜಾಲರಿ, ಆಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ಮತ್ತು ತರಗೆಲೆ ಹಾಸಿ, ಸ್ಪ್ರಿಂಗ್‌ಟೇಲ್, ಐಸೊಪಾಡ್ ಎಂಬ ಸಣ್ಣ ಜೀವಿಗಳನ್ನು ಬಿಟ್ಟರೆ ಅವು ಬೂಷ್ಟು, ಮಲಗಳನ್ನು ತಿಂದು ಗೊಬ್ಬರವಾಗಿಸುತ್ತವೆ, ಆ ಸಾರವನ್ನು ಗಿಡಗಳು ಹೀರಿಕೊಳ್ಳುತ್ತವೆ. ಆದರೆ ಅವು ನೆಲೆಯೂರಲು ಕೆಲವು ವಾರಗಳಾದರೂ ಬೇಕೆಂಬುದನ್ನು ಹೇಳದೆ, ಕೆಲವು ಮಾರಾಟಗಾರರು ಗೂಡನ್ನೂ ಪ್ರಾಣಿಯನ್ನೂ ಒಂದೇ ದಿನ ಕೊಟ್ಟು ಕಳುಹಿಸುತ್ತಾರೆ.

ಒಂದೂವರೆ ಮೀಟರ್ ಮೀರಿ ಬೆಳೆಯಬಲ್ಲ ಇಗ್ವಾನಾಗೆ ಇಂಥ ಪುಟ್ಟ ಪೆಟ್ಟಿಗೆ ಒಗ್ಗುವುದೇ ಇಲ್ಲ. ಗಿಡಗಳನ್ನು ಅದು ತಿಂದು ಮುಗಿಸುತ್ತದೆ, ಅದರ ಮಲವನ್ನು ಕರಗಿಸಲು ಈ ಜೀವಿಗಳಿಗೆ ಸಾಧ್ಯವಾಗದು. ಅದಕ್ಕೆ ಬೇಕಾದ ಯುವಿ-ಬಿ (ನೇರಳಾತೀತ ಕಿರಣ ಬೀರುವ) ದೀಪವೂ, ಬೆಳಕು ಆರುವ ಎಷ್ಟೋ ಮೊದಲೇ ತನ್ನ ಕಿರಣಗಳ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಕಾಲಕಾಲಕ್ಕೆ ಬದಲಾಗಬೇಕು. ನಮ್ಮ ನಕ್ಷತ್ರ ಆಮೆಯನ್ನಂತೂ (ಕೇಳುವವರು ಈಗಲೂ ಇದ್ದಾರೆ) ಎಂಥ ಗೂಡು ಕಟ್ಟಿದರೂ ಕಾನೂನಿನ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲ.

ಕೇಂದ್ರದ 2024ರ ನಿಯಮಗಳ ಪ್ರಕಾರ ಮೇಲಿನ ಎರಡೂ ವಿದೇಶಿ ಪ್ರಭೇದಗಳನ್ನು ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಆ ಹಂತದಲ್ಲೇ ಗೂಡಿನ ಅಳತೆ, ಉಷ್ಣತೆ, ದೀಪಗಳ ವಿವರವನ್ನೂ ಅರಣ್ಯ ಇಲಾಖೆ ಕೇಳುವಂತಾಗಲಿ.

– ಓದುಗ, ಮೈಸೂರು