ಪಾಠ ಮಾಡುತ್ತೇನೆ ಅಪ್ಪ, ಪ್ರಾರ್ಥನೆ ಮಾಡಿಸುವುದಿಲ್ಲ

ಲೆಸ್ಟರ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅವ್ವನ ಮಂಡಿ ನೋವು ಹೇಗಿದೆ? ಬಿಸಿಲು ಏರುವ ಮುಂಚೆ ವಾಕಿಂಗ್ ಮುಗಿಸಲು ಹೇಳಿ. ದಾವಣಗೆರೆಯ ಬಿಸಿಲು ನನಗೆ ಗೊತ್ತಲ್ವಾ.

ಹೋದ ವಾರ ಫೋನಿನಲ್ಲಿ 'ಅಲ್ಲಿ ಟೀಚರ್ ಆಗಬೇಕಾದರೆ ಕ್ರೈಸ್ತ ಧರ್ಮ ಕಲಿಸಲೇಬೇಕಂತೆ, ಹೌದಾ?' ಅಂತ ಕೇಳಿದಿರಿ. ಅರ್ಧಂಬರ್ಧ ಹೇಳಿ ಇಟ್ಟುಬಿಟ್ಟೆ. ಈಗ ಪೂರ್ತಿ ಬರೆಯುತ್ತೇನೆ.

ಇಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮದ ಪಾಠ ಇರಲೇಬೇಕು. 1944ರ ಕಾಯ್ದೆಯಿಂದ ಹೀಗೇ ನಡೆದು ಬಂದಿದೆ. ಆದರೆ ಒಂದೇ ಧರ್ಮದ ಪಾಠವಲ್ಲ. ಹಿಂದೂ, ಸಿಖ್, ಇಸ್ಲಾಂ ಎಲ್ಲವೂ ಬರುತ್ತವೆ. ಬೇಡ ಅನ್ನುವ ತಂದೆ ತಾಯಿ ಮಕ್ಕಳನ್ನು ಆ ಪಾಠಕ್ಕೆ ಕಳಿಸದೆ ಇರಬಹುದು. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಚರ್ಚಿಗೆ ಸೇರದ ಸರ್ಕಾರಿ ಶಾಲೆಗಳಲ್ಲಿ ಟೀಚರಿಗೂ ಒಲ್ಲೆ ಅನ್ನುವ ಹಕ್ಕಿದೆ. 1998ರ ಶಾಲಾ ಕಾಯ್ದೆಯ 59ನೇ ಕಲಂನಲ್ಲಿದೆ. ಒಲ್ಲೆ ಅಂದರು ಅಂತ ಸಂಬಳ ಕಡಿಮೆ ಮಾಡುವಂತಿಲ್ಲ, ಬಡ್ತಿ ತಪ್ಪಿಸುವಂತಿಲ್ಲ. ಚರ್ಚ್ ಶಾಲೆಗಳ ನಿಯಮ ಬೇರೆ.

ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ನನಗೆ ಆರೇಳು ವರ್ಷದ ಮಕ್ಕಳು ಸಿಕ್ಕರು. ಈಸ್ಟರ್ ಹಬ್ಬದ ಪಾಠ. ನೀವು ಟಿ.ಸಿ.ಎಚ್. ಶಿಕ್ಷಕ ತರಬೇತಿ ಮಾಡುವಾಗ ಬರೆದ ಹಾಗೆ ಕೂತು ಪಾಠ ಟಿಪ್ಪಣಿ ಬರೆದೆ. 'ಕ್ರೈಸ್ತರು ಹೀಗೆ ನಂಬುತ್ತಾರೆ' ಅಂತ ಹೇಳಿಕೊಡಲು ನನಗೆ ಏನೂ ಕಷ್ಟವಾಗಲಿಲ್ಲ. ಒಬ್ಬ ಹುಡುಗಿ 'ನೀವೂ ನಂಬುತ್ತೀರಾ ಮಿಸ್?' ಅಂದಳು. ಇಲ್ಲ, ನಮ್ಮ ಮನೆಯಲ್ಲಿ ಲಿಂಗಪೂಜೆ ಅಂದೆ. ಲಿಂಗ ಎಷ್ಟು ದೊಡ್ಡದು ಅಂತ ಕೇಳಿದಳು. ಅಂಗೈ ಚಾಚಿ ತೋರಿಸಿದೆ. ಆಮೇಲೆ ಇಡೀ ತರಗತಿ ಅಂಗೈ ಚಾಚಿಕೊಂಡು ಕೂತಿತ್ತು!

ಆದರೆ ಶುಕ್ರವಾರ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಹೇಳಿಸು ಅಂದಾಗ ಗಂಟಲು ಕಟ್ಟಿತು. ನಾನು ನಂಬದ ಮಾತನ್ನು ದೇವರಿಗೆ ಹೇಳುವುದು, ಅದನ್ನು ಮಕ್ಕಳಿಂದ ಹೇಳಿಸುವುದು ಆ ದೇವರಿಗೂ ಮರ್ಯಾದೆ ಅಲ್ಲ ಅನ್ನಿಸಿತು. ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಹೋಗಿ ನನ್ನ ಮೇಲ್ವಿಚಾರಕಿಗೆ ಹೇಳಿದೆ. 'ಸರಿ, ನಾನೇ ಹೇಳಿಸುತ್ತೇನೆ, ನೀನು ಮಕ್ಕಳ ಜೊತೆ ಕೂತಿರು' ಅಂದರು. ಅಷ್ಟೇ.

ಅಲ್ಲಿ ಸುಮ್ನೆ ಕೂತಿದ್ದಾಗ ಐದನೇ ಕ್ಲಾಸಿನಲ್ಲಿ ನನ್ನ ಜೊತೆ ಓದುತ್ತಿದ್ದ ಆ ಹುಡುಗ ನೆನಪಾದ. ಬೆಳಗಿನ ಪ್ರಾರ್ಥನೆಗೆ ನೆಟ್ಟಗೆ ನಿಲ್ಲುತ್ತಿದ್ದ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿದರು. ಪ್ರಾರ್ಥನೆ ಹೇಳಿಸುತ್ತಿದ್ದವಳು ನಾನೇ. ನಾನು ಇನ್ನೂ ಜೋರಾಗಿ ಹಾಡಿದೆ ಅಪ್ಪ.

ಸಂಜೆ ನಿಮಗೆ ಹೇಳಿದೆ. ಕೇರಳದ ಮೂವರು ಮಕ್ಕಳ ಕಥೆ ಹೇಳಿದಿರಿ. ಅವರು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಧರ್ಮದ ಕಾರಣಕ್ಕೆ ಹಾಡಲಿಲ್ಲ. ಶಾಲೆಯಿಂದ ತೆಗೆದುಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಪೂಜೆ ಪ್ರಾರ್ಥನೆಗೆ ಸೇರಿಸುವಂತಿಲ್ಲ, ಸಂವಿಧಾನದ 28ನೇ ವಿಧಿ ಓದು ಅಂದಿರಿ. ಮರುದಿನ ನೀವೇ ಶಾಲೆಗೆ ಬಂದಿರಿ. ಮೇಷ್ಟ್ರ ಹತ್ತಿರ ಏನು ಮಾತಾಡಿದಿರೋ, ಅವನನ್ನು ಮತ್ತೆ ಹೊರಗೆ ನಿಲ್ಲಿಸಲಿಲ್ಲ.

ನಾನು ಮಾತ್ರ ಅವನ ಹತ್ತಿರ ಒಂದು ಮಾತೂ ಆಡಲಿಲ್ಲ. ಅವನ ಅಪ್ಪ ಪಿ.ಬಿ. ರೋಡಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು, ನೆನಪಿದೆಯಾ? ಆ ಕಡೆ ಹೋದಾಗ ವಿಚಾರಿಸಿ. ಅವನ ನಂಬರ್ ಸಿಕ್ಕರೆ ಕಳಿಸಿ, ನಾನೇ ಮಾತಾಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು